ಪಾಲಿಗೆ ಕೊಟ್ಟ ಸರದಿ

ವಿಡಿಯೋ ಆಟದ ಪೆಟ್ಟಿಗೆಗೆ ಹದಿಮೂರು ಸಾವಿರ ಕೊಟ್ಟಿದ್ದೆ. ಶ್ರೀರಂಗಪಟ್ಟಣದಲ್ಲಿ ಅಂಗಡಿ ಮುಚ್ಚುತ್ತಿದ್ದವನೊಬ್ಬ ಹದಿನೈದು ಹೇಳಿ ಹದಿಮೂರಕ್ಕೆ ಇಳಿದ. ಅದನ್ನು ಬೆಳ್ಳೂರು ಕ್ರಾಸಿಗೆ ತಂದ ಟೆಂಪೋಗೆ ನಾನೂರು, ಸ್ಟೆಬಿಲೈಜರಿಗೆ ಒಂಬೈನೂರು. ಅಂಗಡಿ ಬಾಡಿಗೆ ತಿಂಗಳಿಗೆ ಮುನ್ನೂರೈವತ್ತು, ಕರೆಂಟಿಗೆ ಇನ್ನೂರರ ಹತ್ತಿರ. ಬರುತ್ತಿದ್ದುದು ಒಂದು ಆಟಕ್ಕೆ ಒಂದು ರೂಪಾಯಿ. ದಿನಕ್ಕೆ ಐವತ್ತು ನಾಣ್ಯ ಬಿದ್ದರೆ ಮನೆ ನಡೆಯುತ್ತಿತ್ತು, ಎಂಬತ್ತು ಬಿದ್ದರೆ ಒಂದಿಷ್ಟು ಉಳಿಯುತ್ತಿತ್ತು. ತೊಂಬತ್ತಾರನೇ ಇಸವಿಯ ಲೆಕ್ಕ ಇದು.

ಅದಕ್ಕೆ ಮೊದಲು ಅದೇ ಅಂಗಡಿಯಲ್ಲಿ ಬಾಡಿಗೆ ಸೈಕಲ್ ಇಟ್ಟಿದ್ದೆ. ಜನ ಮೊಪೆಡ್ಡು ಕೊಳ್ಳತೊಡಗಿದ ಮೇಲೆ ಒಂದೊಂದನ್ನೇ ಮಾರಿದೆ. ಕೊನೆಗೆ ಉಳಿದದ್ದು ಒಂದು ಲೇಡೀಸ್ ಸೈಕಲ್. ಬಾಡಿಗೆಗೆ ಒಯ್ಯುವ ಹೆಂಗಸರು ನಮ್ಮ ಕಡೆ ಇರಲಿಲ್ಲ, ಗಂಡಸರು ಅದರ ಮೇಲೆ ಕೂರುತ್ತಿರಲಿಲ್ಲ. ಟೈರು ಹೊಸದು, ಹಿಂದೆ ಗಟ್ಟಿ ಕ್ಯಾರಿಯರ್. ಐನೂರೈವತ್ತು ಬೆಲೆ ಬಾಳುತ್ತಿತ್ತು, ಕೇಳುವವರಿರಲಿಲ್ಲ.

ಪೆಟ್ಟಿಗೆಯಲ್ಲಿ ಇದ್ದದ್ದು ವಿಮಾನದ ಆಟ. ಮೇಲಿನಿಂದ ಶತ್ರು ವಿಮಾನಗಳು ಸಾಲಾಗಿ ಇಳಿಯುತ್ತವೆ, ಕೆಳಗಿನಿಂದ ನಾವು ಹೊಡೆಯಬೇಕು. ಒಂದು ರೂಪಾಯಿಗೆ ಮೂರು ವಿಮಾನ. ಮೂರೂ ಹೋದರೆ ಆಟ ಮುಗಿಯಿತು. ಮಕ್ಕಳು ಹಾಳಾಗುತ್ತಾರೆ ಎಂದು ಬೈದವರು ಬಹಳ. ನನಗೆ ಕಂಡದ್ದು ಬೇರೆ. ಸ್ಕೂಲಿನ ಹುಡುಗರ ಹತ್ತಿರ ಹಾಳಾಗುವಷ್ಟು ಕಾಸೇ ಇರುತ್ತಿರಲಿಲ್ಲ. ಇದ್ದ ಒಂದು ರೂಪಾಯಿ ಮುಗಿದರೆ ಬಾಗಿಲಿಗೊರಗಿ ನೋಡುತ್ತಿದ್ದರು. ಹಾಳಾಗುತ್ತಿದ್ದವರು ಮೀಸೆ ಬಂದವರು. ಸೋತ ಕೂಡಲೇ ಇನ್ನೊಂದು ನಾಣ್ಯ ಹಾಕುವವರು. ಆ ಪೆಟ್ಟಿಗೆ ಮಾಡಿದವನಿಗೆ ಮನುಷ್ಯನ ರೋಷದ ಬೆಲೆ ಸರಿಯಾಗಿ ಗೊತ್ತಿತ್ತು. ಗೆಲ್ಲುವುದಕ್ಕೆ ಒಂದು ಗೇಣು ಬಾಕಿ ಇರುವಾಗ ಸೋಲಿಸುತ್ತಿತ್ತು. ನನ್ನ ಮನೆ ನಡೆದದ್ದು ಆ ಒಂದು ಗೇಣಿನಿಂದ, ಸುಳ್ಳು ಯಾಕೆ ಹೇಳಲಿ.

ಆಟಕ್ಕೆ ಅದರದೇ ಕಟ್ಟುಪಾಡಿತ್ತು. ಗಾಜಿನ ಕೆಳಗಿನ ಅಂಚಿನ ಮೇಲೆ ನಾಣ್ಯ ಇಟ್ಟರೆ ಸರದಿ ಇಟ್ಟ ಹಾಗೆ. ಸಾಲಿನಲ್ಲಿ ಎಷ್ಟನೇ ನಾಣ್ಯ ತನ್ನದು ಎಂದು ಪ್ರತಿಯೊಬ್ಬನಿಗೂ ಗೊತ್ತು. ಸರದಿ ಬಂದಾಗ ಮನುಷ್ಯ ಇಲ್ಲದಿದ್ದರೆ ಅವನ ನಾಣ್ಯ ಸಾಲಿನ ಕೊನೆಗೆ. ಇದನ್ನು ನಾನು ಮಾಡಿದ್ದಲ್ಲ, ಆಡುವವರೇ ಮಾಡಿಕೊಂಡದ್ದು. ಪಾಯಿಂಟುಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಾನು ಬರೆಯುತ್ತಿದ್ದೆ. ಕರೆಂಟು ಹೋದರೆ ಪೆಟ್ಟಿಗೆ ಎಲ್ಲವನ್ನೂ ಮರೆತುಬಿಡುತ್ತಿತ್ತು, ನಮ್ಮ ಕಡೆ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು.

ಆ ವರ್ಷ ನಾಗಮಂಗಲದಲ್ಲಿ ಇನ್ನೊಬ್ಬ ಎರಡು ಹೊಸ ಪೆಟ್ಟಿಗೆ ಇಟ್ಟ. ನನ್ನ ನಾಣ್ಯ ಎಂಬತ್ತರಿಂದ ನಲವತ್ತಕ್ಕೆ ಬಂತು. ಯೋಚನೆ ಮಾಡಿ ಒಂದು ರಟ್ಟಿನ ಮೇಲೆ ಬರೆದು ತೂಗುಹಾಕಿದೆ: ಮುಂದಿನ ಅಮಾವಾಸ್ಯೆ ದಿನ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಯಾರು ಹೆಚ್ಚು ಪಾಯಿಂಟು ಮಾಡುತ್ತಾರೋ ಅವರಿಗೆ ಲೇಡೀಸ್ ಸೈಕಲ್ ಬಹುಮಾನ. ಅಮಾವಾಸ್ಯೆಗೆ ಆದಿಚುಂಚನಗಿರಿಗೆ ಹೋಗುವ ಜನ ನಮ್ಮ ಕ್ರಾಸಿನಲ್ಲೇ ಬಸ್ಸು ಬದಲಾಯಿಸುತ್ತಾರೆ. ಅಂದು ಜನಕ್ಕೆ ಕೊರತೆ ಇರುವುದಿಲ್ಲ.

ರಟ್ಟು ಹಾಕಿದ ಮಾರನೇ ಬೆಳಿಗ್ಗೆ ಪುಟ್ಟಲಕ್ಷ್ಮಮ್ಮ ಸೈಕಲ್ಲಿನ ಹತ್ತಿರ ಬಂದು ನಿಂತಳು. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೂವು ಮಾರುತ್ತಿದ್ದವಳು ಅವಳು. ಮೂವತ್ತರ ಆಸುಪಾಸು, ಗಂಡ ಲಾರಿಯ ಮೇಲೆ, ತಿಂಗಳಿಗೊಮ್ಮೆ ಮನೆಗೆ ಬರುವವನು. ಅವಳು ಬಂದಾಗಿನಿಂದ ನನ್ನ ಮನೆಗೆ ಶುಕ್ರವಾರದ ಹೂವಿಗೆ ಕಾಸಿಲ್ಲ, ಅವಳ ಜಾಗಕ್ಕೆ ಬಾಡಿಗೆಯಿಲ್ಲ.

"ಮಾದೇವಣ್ಣ, ಇದ್ನ ನಂಗೆ ಕೊಟ್ಬುಡು. ವಾರಕ್ಕೆ ಮೂವತ್ತರಂಗೆ ತೀರುಸ್ತೀನಿ," ಎಂದಳು.

"ನಿಂಗ್ಯಾಕವ್ವ ಸೈಕಲ್ಲು?"

ಅವಳು ಲೆಕ್ಕ ಹೇಳಿದಳು. ಮೂರು ಮೈಲಿ ಒಳಗಿನ ತೋಟದಲ್ಲಿ ಕಾಕಡ ಬಿಡಿಹೂ ಕೆ.ಜಿ.ಗೆ ಹದಿನಾಲ್ಕು. ದಲ್ಲಾಳಿ ಅದನ್ನು ಕ್ರಾಸಿಗೆ ತಂದು ಇಪ್ಪತ್ತಕ್ಕೆ ಕೊಡುತ್ತಾನೆ. ಅವಳಿಗೆ ದಿನಕ್ಕೆ ಮೂರು ಕೆ.ಜಿ. ಬೇಕು. ಬೆಳಗಿನ ಐದಕ್ಕೆ ತೋಟ ಮುಟ್ಟಿದರೆ ಏಳರ ಬಸ್ಸಿಗೆ ಹೂವು ಕಟ್ಟಿರಬಹುದು. ನಡೆದು ಹೋದರೆ ಆಗುವುದಿಲ್ಲ. ಆ ಹೊತ್ತಿಗೆ ಆ ದಾರಿಯಲ್ಲಿ ಬಸ್ಸಿಲ್ಲ.

"ದಿನಕ್ಕೆ ಅದ್ನೆಂಟು ರೂಪಾಯಿ ಅವನ ಬಾಯಿಗೆ ಆಕ್ತಾ ಇವ್ನಿ ಕಣಣ್ಣ."

ನನಗೆ ಕೈ ಕಟ್ಟಿದ ಹಾಗಾಯಿತು. "ನೆನ್ನೆ ಕೇಳಿದ್ರೆ ಕೊಡ್ತಿದ್ದೆ. ಈಗ ಬೋರ್ಡು ಆಕ್ಬುಟ್ಟಿವ್ನಿ. ಎಲ್ರೂ ಓದವ್ರೆ. ತೆಗುದ್ರೆ ನಾಳೆ ಒಬ್ನೂ ಮೆಟ್ಲು ಅತ್ತಲ್ಲ."

ಅವಳು ರಟ್ಟನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. "ಇದ್ರಲ್ಲಿ ಗಂಡುಸ್ರೇ ಆಡ್ಬೇಕು ಅಂತ ಬರ್ದಿಲ್ವಲ್ಲ?"

"ಇಲ್ಲ."

"ಅಂಗಾರೆ ಆಡೇ ತಕತೀನಿ ಬುಡು."

ನಾನು ನಗಲಿಲ್ಲ. ಅವಳು ಕೂರುತ್ತಿದ್ದ ಮೆಟ್ಟಿಲಿನಿಂದ ಪೆಟ್ಟಿಗೆಯ ಗಾಜು ಓರೆಯಾಗಿ ಕಾಣುತ್ತಿತ್ತು. ಹೂವು ಕಟ್ಟುವವರು ಕೈ ನೋಡುವುದಿಲ್ಲ. ಒಂದು ವರ್ಷದಿಂದ ಅವಳ ಬೆರಳು ದಾರದ ಮೇಲೆ, ಕಣ್ಣು ಗಾಜಿನ ಮೇಲೆ. ಯಾವ ಸಾಲಿನ ಹಿಂದೆ ಯಾವ ಸಾಲು ಇಳಿಯುತ್ತದೆ, ಯಾವ ಮೂಲೆಯಿಂದ ದೊಡ್ಡ ವಿಮಾನ ಬರುತ್ತದೆ ಎನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪೆಟ್ಟಿಗೆ ಪ್ರತಿ ಸಲ ಅದನ್ನೇ ಆಡಿಸುತ್ತದೆ. ಆಡುವವರು ಹೊಡೆಯುವ ಅವಸರದಲ್ಲಿ ಅದನ್ನು ಗಮನಿಸುವುದಿಲ್ಲ.

ಅಲ್ಲಿಂದ ಮುಂದೆ ನಾನು ಕಸ ಗುಡಿಸುವ ಹೊತ್ತಿಗೆ ಅವಳು ಬಂದು ದಿನಕ್ಕೊಂದು ಆಟ ಆಡಿದಳು. ಬಿಟ್ಟಿ ಆಡು ಎಂದರೆ ಒಪ್ಪಲಿಲ್ಲ, ನಾಣ್ಯ ಹಾಕಿಯೇ ಆಡಿದಳು. ಮೊದಲ ದಿನ ಮೂರು ವಿಮಾನವೂ ಒಂದೇ ನಿಮಿಷದಲ್ಲಿ ಹೋದವು. ಕಣ್ಣಿಗೆ ಗೊತ್ತಿದ್ದದ್ದು ಕೈಗೆ ಬರಲು ದಿನ ಹಿಡಿಯಿತು.

"ಇನ್ನೊಂದು ಆಕ್ಲಾ ಅಂತ ಕೈ ತುರುಸ್ತದೆ ಕಣಣ್ಣ," ಎಂದು ಒಂದು ದಿನ ಹೇಳಿದಳು. "ಅದ್ಕೇ ಸೆರಗಲ್ಲಿ ಒಂದೇ ಕಾಸು ಕಟ್ಕ ಬತ್ತೀನಿ. ಇಪ್ಪತ್ತೈದು ರೂಪಾಯಿ ಅಂತ ಮಡಗಿವ್ನಿ. ಅದ್ರ ಮೇಲೆ ಒಂದ್ ಪೈಸ ಆಕಲ್ಲ."

ಅಮಾವಾಸ್ಯೆಯ ಹೊತ್ತಿಗೆ ಇಪ್ಪತ್ತಮೂರು ಖರ್ಚಾಗಿತ್ತು. ನನ್ನ ಬಿಟ್ಟರೆ ಯಾರಿಗೂ ಇದು ಗೊತ್ತಿರಲಿಲ್ಲ.

ಅಮಾವಾಸ್ಯೆ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾಂಡವಪುರದಿಂದಲೂ ಇಬ್ಬರು ಬಂದಿದ್ದರು. ಆದರೆ ಎಲ್ಲರೂ ಹೆದರುತ್ತಿದ್ದದ್ದು ಚಿಕ್ಕಸ್ವಾಮಿಗೆ. ಎರಡು ಮೈಲಿ ದೂರದ ಊರಿನ ದೊಡ್ಡ ಹಿಡುವಳಿ ಮನೆಯ ಮಗ, ಇಪ್ಪತ್ನಾಲ್ಕು ವರ್ಷ. ಕೆಟ್ಟವನಲ್ಲ. ಮಾತಿಗೆ ಮುಂಚೆ ನಗುತ್ತಿದ್ದ, ಕಾಸಿಲ್ಲದವರಿಗೆ ಟೀ ಕುಡಿಸುತ್ತಿದ್ದ. ತಾನೇ ಮೊದಲಿಗನಾಗಿರಬೇಕು ಅನ್ನುವುದು ಮಾತ್ರ ಅವನಿಗೆ ಅನ್ನಕ್ಕಿಂತ ಹೆಚ್ಚು. ಹನ್ನೊಂದು ಗಂಟೆಗೆ ಎಂಬತ್ತಾರು ಸಾವಿರದ ಇನ್ನೂರು ಮಾಡಿ, ನಾನು ಗೋಡೆಯ ಮೇಲೆ ಬರೆಯುವುದನ್ನು ನಿಂತು ನೋಡಿದ.

"ಗೆದ್ರೂ ಆ ಗುಜರಿ ಸೈಕಲ್ ತಕಂಡು ಏನ್ಲಾ ಮಾಡೀಯೆ?" ಎಂದು ಪಕ್ಕದ ಟೀ ಹೋಟೆಲಿನ ಚಲುವಯ್ಯ ಕೇಳಿದ.

"ಗುಜರಿನೇ ಕಣಣ್ಣೊ. ನಮ್ಮಟ್ಟಿ ಮುಂದೆ ನಿಲ್ಸಿ ಕೋಳಿ ಕೂರುಸ್ತೀನಿ. ಗೆದ್ದಿದ್ದು ಅಂತ ಇರ್ಲಿ."

ಪುಟ್ಟಲಕ್ಷ್ಮಮ್ಮ ಬೆಳಿಗ್ಗೆ ಏಳಕ್ಕೇ ನಾಣ್ಯ ಇಟ್ಟಿದ್ದಳು. ಸರದಿ ಬರುವ ಹೊತ್ತಿಗೆ ಎರಡು ಬಸ್ಸು ಒಟ್ಟಿಗೆ ಬಂದವು. ಅಮಾವಾಸ್ಯೆಯ ವ್ಯಾಪಾರ ಬಿಟ್ಟು ಏಳಲು ಅವಳಿಗಾಗಲಿಲ್ಲ, ನಾಣ್ಯ ಸಾಲಿನ ಕೊನೆಗೆ ಹೋಯಿತು. ಮಧ್ಯಾಹ್ನ ಮತ್ತೆ ಹಾಗೇ ಆಯಿತು. ಐದು ಗಂಟೆಗೆ ಅವಳ ನಾಣ್ಯ ಮೂರನೇ ಸಲ ಕೊನೆಗೆ ಹೋದಾಗ ಮುಂದೆ ಒಂಬತ್ತು ನಾಣ್ಯಗಳಿದ್ದವು. ಆರರೊಳಗೆ ಅವಳಿಗೆ ಸಿಗುವುದಿಲ್ಲ ಎಂದು ನನಗೂ ಗೊತ್ತಾಯಿತು, ಅವಳಿಗೂ ಗೊತ್ತಾಯಿತು. ಆದರೂ ನಾಣ್ಯ ತೆಗೆಯಲಿಲ್ಲ.

ಐದೂ ಮುಕ್ಕಾಲಿಗೆ ಚಿಕ್ಕಸ್ವಾಮಿಯ ನಾಣ್ಯ ಮುಂದೆ ಬಂತು. ಅದೇ ಆ ದಿನದ ಕೊನೆಯ ಆಟ. ಅವನ ಪಾಯಿಂಟಿನ ಹತ್ತಿರ ಯಾರೂ ಇರಲಿಲ್ಲ, ಅವನಿಗೆ ಆಡುವ ಅಗತ್ಯವೂ ಇರಲಿಲ್ಲ. ವಿಮಾನ ನಡೆಸುವ ಕೋಲಿನ ಮೇಲೆ ಕೈಯಿಟ್ಟವನು ತಿರುಗಿ ನೋಡಿದ.

"ಏನಕ್ಕ, ಬೆಳಗ್ಗಿಂದ ಕಾಸು ಇಟ್ಟು ಇಟ್ಟು ಎತ್ತುತಾ ಇದ್ದೀಯ. ನನ್ ಸರದಿ ತಕ. ಪುಗ್ಸಟ್ಟೆ ಅಲ್ಲ ಮತ್ತೆ, ಪಾಲಿಗೆ ಕೊಟ್ಟಿವ್ನಿ! ಗೆದ್ರೆ ಅರ್ಧ ನಂದು."

ಅಂಗಡಿ ತುಂಬ ನಗು. ನಮ್ಮ ಕಡೆ ಕರುವನ್ನು ಪಾಲಿಗೆ ಕೊಡುವುದು ಉಂಟು. ಉಳ್ಳವರು ಕರು ಕೊಡುತ್ತಾರೆ, ಇಲ್ಲದವರು ಮೇಯಿಸಿ ಸಾಕುತ್ತಾರೆ, ಬೆಳೆದ ಮೇಲೆ ಇಬ್ಬರಿಗೂ ಅರ್ಧರ್ಧ. ಕಾಗದ ಪತ್ರ ಇಲ್ಲ, ನಾಲ್ಕು ಜನರ ಮುಂದೆ ಆಡಿದ ಮಾತೇ ಪತ್ರ. ಚಿಕ್ಕಸ್ವಾಮಿ ಅದನ್ನು ತಮಾಷೆಗೆ ಅಂದ. ಪುಟ್ಟಲಕ್ಷ್ಮಮ್ಮ ದಾರ ಕೆಳಗಿಟ್ಟು ಎದ್ದಳು.

"ಪಾಲಿಗೆ ಅಂದ್ಯಲ್ಲ?"

"ಅಂದೆ."

"ಎಲ್ರೂ ಕೇಳುಸ್ಕಂಡ್ರಾ?"

"ಕೇಳುಸ್ಕಂಡೊ, ಕೇಳುಸ್ಕಂಡೊ!" ಎಂದರು. ಮೆಟ್ಟಿಲ ಮೇಲೆ ಹೂವು ಕೊಳ್ಳುತ್ತಿದ್ದ ದೊಡ್ಡತಾಯಮ್ಮನೂ "ನಾನೂ ಕೇಳಿವ್ನಿ" ಎಂದಳು. ಅರವತ್ತೈದು ದಾಟಿದ ಹೆಂಗಸು, ಪ್ರತಿ ಅಮಾವಾಸ್ಯೆ ಮಠಕ್ಕೆ ಹೋಗಿ ಬರುವವಳು. ಸುತ್ತಲಿನ ಊರುಗಳಲ್ಲಿ ಅವಳ ಇಪ್ಪತ್ತು ದನ ಪಾಲಿಗಿದ್ದವು. ಪಾಲಿನ ಜಗಳ ಎಲ್ಲಿ ಬಂದರೂ ಅವಳನ್ನೇ ಕರೆಯುತ್ತಿದ್ದರು. "ಓಗವ್ವ ಆಡೋಗು, ಊವ ನಾನು ನೋಡ್ಕತೀನಿ," ಎಂದು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಉಳಿದವರು ಗುಂಡಿಯನ್ನು ಕುಟ್ಟುತ್ತಿದ್ದರು, ರಾಗಿ ಕುಟ್ಟಿದ ಹಾಗೆ. ಇವಳು ಎರಡು ಸಲ ಒತ್ತಿ ಒಂದು ಸಲ ಬಿಡುತ್ತಿದ್ದಳು, ಎರಡು ಹೂ ಇಟ್ಟು ಒಂದು ಸುತ್ತು ಹಾಕುವ ಹಾಗೆ. ಎಡಗೈ ಕೋಲನ್ನು ಎಳೆಯುತ್ತಿರಲಿಲ್ಲ, ಸರಿಸುತ್ತಿತ್ತು. ಮೊದಲ ಎರಡು ಹಂತ ದಾಟುವವರೆಗೂ ಹುಡುಗರು ಗೇಲಿ ಮಾಡಿದರು. ಮೂರನೆಯದರಲ್ಲಿ ಸದ್ದು ಕಡಿಮೆಯಾಯಿತು. ನಾಲ್ಕನೆಯದರಲ್ಲಿ ಒಂದು ವಿಮಾನ ಹೋಯಿತು, ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಂದು. ಉಳಿದದ್ದು ಒಂದು, ಪಾಯಿಂಟು ಅರವತ್ತೊಂದು ಸಾವಿರ.

"ಎಡಕ್ ತಕಳವ್ವ, ಎಡಕ್ಕೆ!" ಎಂದು ಚಲುವಯ್ಯ ಕೂಗಿದ.

"ಸುಮ್ಕಿರಣ್ಣೊ, ನಿನ್ ಒಲೆ ಮೇಲೆ ಹಾಲು ಉಕ್ತದೆ ನೋಡೋಗು," ಎಂದಳು, ಕಣ್ಣು ತೆಗೆಯದೆ.

ಸ್ಟೆಬಿಲೈಜರ್ ಟಕ್ ಎಂದು ಸದ್ದು ಮಾಡಿತು. ಗಾಜು ಒಂದು ಕ್ಷಣ ಮಂಕಾಗಿ ಮತ್ತೆ ಬೆಳಗಿತು. ಕರೆಂಟು ಹೋದರೆ ಎಲ್ಲ ಮುಗಿಯಿತು ಎಂದುಕೊಂಡೆ. ಹೋಗಲಿಲ್ಲ. ಎಂಬತ್ತು ಸಾವಿರಕ್ಕೆ ದೊಡ್ಡ ವಿಮಾನ ಬಲ ಮೂಲೆಯಿಂದ ಬಂತು. ಚಿಕ್ಕಸ್ವಾಮಿ ಯಾವಾಗಲೂ ಅದರ ಎದುರಿಗೆ ನಿಂತು ಹೊಡೆಯುತ್ತಿದ್ದ. ಇವಳು ಅದು ಬರುವ ಮೊದಲೇ ಎಡಕ್ಕೆ ಹೋಗಿ, ಅದು ತಿರುಗುವವರೆಗೂ ಒಂದೂ ಗುಂಡು ಹಾರಿಸದೆ ಕಾದು, ಬೆನ್ನು ತೋರಿಸಿದಾಗ ಹೊಡೆದಳು. ಎಂಬತ್ತಾರು ಸಾವಿರ ದಾಟಿದಾಗ ಬಾಗಿಲಲ್ಲಿದ್ದವರೂ ಒಳಗೆ ಒತ್ತಿಕೊಂಡು ಬಂದರು. ತೊಂಬತ್ತೊಂದು ಸಾವಿರದ ಏಳುನೂರಕ್ಕೆ ಕೊನೆಯ ವಿಮಾನ ಹೋಯಿತು. ನಾನು ಗೋಡೆಯ ಮೇಲೆ ಬರೆದೆ. ಗಡಿಯಾರದಲ್ಲಿ ಆರಕ್ಕೆ ಮೂರು ನಿಮಿಷವಿತ್ತು.

ಚಿಕ್ಕಸ್ವಾಮಿ ಗೋಡೆಯ ಮೇಲಿನ ಎರಡು ಪಾಯಿಂಟನ್ನೂ ಓದಿದ. ಆಮೇಲೆ ನಗಲು ನೋಡಿದ. "ಸರದಿ ನಂದು, ಕಾಸು ನಂದು. ಸೈಕಲ್ಲೂ ನಂದೇ ಆಯ್ತಲ್ಲ."

"ಅರ್ಧ ನಿಂದು," ಎಂದಳು ಪುಟ್ಟಲಕ್ಷ್ಮಮ್ಮ. "ಮಾತು ಆಡಿದ್ದೀವಿ. ಇಲ್ಲ ಅನ್ನಲ್ಲ."

"ಅರ್ಧ ಸೈಕಲ್ ಎಂಗ್ ಕೊಟ್ಟೀಯೆ?"

"ಮುಂದ್ಲು ಚಕ್ರ ಅವಳಿಗೆ, ಇಂದ್ಲು ಚಕ್ರ ನಿಂಗೆ!" ಎಂದು ಯಾರೋ ಕೂಗಿದರು. ಚಿಕ್ಕಸ್ವಾಮಿಗೆ ಸಿಟ್ಟು ಬಂತು. ಅವನ ಸ್ನೇಹಿತರು ನಾಲ್ಕು ಜನ ಮುಂದೆ ಬಂದರು. ಮಾತು ಬೆಳೆಯುತ್ತದೆ ಅನ್ನುವಾಗ ದೊಡ್ಡತಾಯಮ್ಮ ಹೂವಿನ ಬುಟ್ಟಿ ಬದಿಗಿಟ್ಟು ಒಳಗೆ ಬಂದಳು.

"ಪಾಲಿನ ಅಸ ಸೀಳ್ತಾರೇನ್ಲಾ ಯಾರಾದ್ರೂವೆ? ಪಾಲು ಬುಡುಸ್ಕಳೋದು ನಿಮ್ಮಟ್ಟೀಲಿ ಎಂಗೆ?"

ಚಿಕ್ಕಸ್ವಾಮಿ ಸ್ನೇಹಿತರ ಕಡೆ ನೋಡಿದ.

"ಯೋಳ್ಲಾ, ನಿಮ್ಮಪ್ಪ ಎಂಟು ಕರ ಪಾಲಿಗೆ ಬುಟ್ಟವ್ನೆ."

"ಕೊಟ್ಟೋನು ಬೆಲೆ ಕಟ್ತಾನೆ, ಸಾಕ್ದೋನು ಆರುಸ್ಕತಾನೆ," ಎಂದ.

"ಅಷ್ಟೆಯ. ನೀನು ಕೊಟ್ಟೋನು, ಸೈಕಲ್ಲಿಗೆ ಒಂದು ಬೆಲೆ ಕಟ್ಟು. ಅವಳು ಸಾಕ್ದೋಳು. ಬೇಕಾದ್ರೆ ಅದ್ರಲ್ಲಿ ಅರ್ಧ ದುಡ್ಡು ನಿಂಗೆ ಕೊಟ್ಟು ಸೈಕಲ್ ಇಟ್ಕತಾಳೆ. ಬ್ಯಾಡ ಅಂದ್ರೆ ಅರ್ಧ ದುಡ್ಡು ನಿನ್ ಕೈಲಿ ಈಸ್ಕಂಡು ಸೈಕಲ್ ನಿಂಗೆ ಬುಡ್ತಾಳೆ. ಒಂದ್ ಸಲ ಕಟ್ಟಿದ್ ಮೇಲೆ ಮಾತು ತಿರುಗಂಗಿಲ್ಲ."

ಈ ಪದ್ಧತಿಯಲ್ಲಿ ಮೋಸಕ್ಕೆ ಜಾಗವಿಲ್ಲ. ಬೆಲೆ ಕಡಿಮೆ ಕಟ್ಟಿದರೆ ದನ ಕೈಬಿಡುತ್ತದೆ, ಹೆಚ್ಚು ಕಟ್ಟಿದರೆ ತಾನೇ ತೆರಬೇಕಾಗುತ್ತದೆ. ಬುದ್ಧಿಯಿರುವವರು ಇದ್ದ ಬೆಲೆಯನ್ನೇ ಕಟ್ಟುತ್ತಾರೆ. ಚಿಕ್ಕಸ್ವಾಮಿ ಐನೂರೈವತ್ತು ಅಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಅವನು ಪುಟ್ಟಲಕ್ಷ್ಮಮ್ಮನ ಮುಖ ನೋಡಿದ. ಸೈಕಲ್ಲಿನ ಮೇಲೆ ಅವಳಿಗೆಷ್ಟು ಆಸೆ ಎಂದು ಅಲ್ಲಿದ್ದ ಯಾರಿಗಾದರೂ ಕಾಣುತ್ತಿತ್ತು. ಅವಳ ಹತ್ತಿರ ದುಡ್ಡಿಲ್ಲ ಎಂದೂ ಅವನಿಗೆ ಗೊತ್ತು. ಹೆಚ್ಚು ಕಟ್ಟಿದರೆ ಎಲ್ಲರ ಮುಂದೆ ಕಾಡಿ ಬೇಡುತ್ತಾಳೆ, ಆಗ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟರೆ ತಾನೇ ಮೊದಲಿಗ. ಹಾಗೆ ಅಂದುಕೊಂಡಿರಬೇಕು.

"ಎಂಟ್ನೂರು," ಎಂದ.

"ಬೆಳಗ್ಗೆ ಗುಜರಿ ಅಂತಿದ್ದೆ, ಸಾಯಂಕಾಲಕ್ಕೆ ಎಂಟ್ನೂರಾ ಮಾರಾಯ?" ಎಂದ ಚಲುವಯ್ಯ.

"ಬೆಲೆ ಕಟ್ಟೋನು ನಾನು ತಾನೆ?"

"ನೀನೇ ಕಣಪ್ಪ," ಎಂದಳು ದೊಡ್ಡತಾಯಮ್ಮ.

ಪುಟ್ಟಲಕ್ಷ್ಮಮ್ಮ ಸೈಕಲ್ಲಿನ ಕಡೆ ನೋಡಿದಳು. ಹತ್ತಿರ ಹೋಗಿ ಸೀಟಿನ ಮೇಲೆ ಕೈಯಿಟ್ಟಳು. ನಾನೂರು ನಾನೇ ಕೊಟ್ಟುಬಿಡೋಣ ಎಂದು ಗಲ್ಲಾಪೆಟ್ಟಿಗೆಗೆ ಕೈ ಹಾಕಿದೆ. ಅವಳು ಅದನ್ನು ನೋಡಿ, ಬೇಡ ಎಂದು ತಲೆಯಾಡಿಸಿದಳು. ಸೀಟಿನಿಂದ ಕೈ ತೆಗೆದಳು.

"ಸೈಕಲ್ ನೀನೇ ಇಟ್ಕಳಪ್ಪ. ನಾನೂರು ಎಣುಸು."

"ನಾನು ತಮಾಷೆಗೆ ಅಂದಿದ್ದು," ಎಂದ ಚಿಕ್ಕಸ್ವಾಮಿ.

"ತಮಾಷೆಗೆ ಪಾಲು ಅಂತೀಯೇನ್ಲಾ?" ದೊಡ್ಡತಾಯಮ್ಮನ ಧ್ವನಿ ಏರಲಿಲ್ಲ. "ಆ ಮಾತು ನಂಬ್ಕಂಡು ಜನ ನಿಮ್ಮಟ್ಟಿ ಕರ ಸಾಕ್ತಾವ್ರೆ. ನೀನು ತಿರುಗುದ್ರೆ ನಾಳೆ ನಿಮ್ಮಪ್ಪನ ಕರ ಯಾರೂ ಕಟ್ಕಳಲ್ಲ. ನಂದೂ ಕಟ್ಕಳಲ್ಲ. ಕೊಡು."

ಅವನ ಜೇಬಿನಲ್ಲಿ ಇನ್ನೂರ ನಲವತ್ತಿತ್ತು. ಉಳಿದದ್ದನ್ನು ಸ್ನೇಹಿತರಿಂದ, ಚಲುವಯ್ಯನಿಂದ ಕೂಡಿಸಿದ. ಕೊಡುವಾಗ ಗೊಣಗಲಿಲ್ಲ, ಅಷ್ಟು ಮರ್ಯಾದೆ ಅವನಿಗಿತ್ತು. ಪುಟ್ಟಲಕ್ಷ್ಮಮ್ಮ ಎಣಿಸಿ ಸೆರಗಿಗೆ ಕಟ್ಟಿದಳು. ಆಮೇಲೆ ತನ್ನ ಒಂದು ರೂಪಾಯಿ ಸಾಲಿನಲ್ಲಿ ಇನ್ನೂ ಇದ್ದದ್ದನ್ನು ಎತ್ತಿ ಅವನ ಕೈಗೆ ಕೊಟ್ಟಳು. "ನಿನ್ ಸರದಿ ಕಾಸು. ಬಂಡವಾಳ ಕೊಟ್ಟೋನಿಗೇ ವಾಪಸ್ಸು." ಅವನು ತೆಗೆದುಕೊಂಡ. ಸೈಕಲ್ಲನ್ನು ತಳ್ಳಿಕೊಂಡು ಹೆದ್ದಾರಿ ದಾಟಿ ಹೋದ. ಹುಡುಗರು ಹಿಂದಿನಿಂದ ಬೆಲ್ಲು ಹೊಡಿ ಬೆಲ್ಲು ಹೊಡಿ ಎಂದು ಕೂಗಿದರು. ನನಗೆ ಅದು ಹಿಡಿಸಲಿಲ್ಲ. ಪೆಟ್ಟಿಗೆಯ ಸ್ವಿಚ್ಚು ಆರಿಸಿ ಎಲ್ಲರನ್ನೂ ಕಳಿಸಿದೆ.

ಮಾರನೇ ದಿನ ಅವಳಿಗೆ ಒಂದು ಚೀಟಿ ಬರೆದುಕೊಟ್ಟೆ. ಕೆ.ಆರ್.ಪೇಟೆಯಲ್ಲಿ ನನ್ನ ಹಾಗೇ ಬಾಡಿಗೆ ಸೈಕಲ್ ಇಟ್ಟು ಕೈಬಿಟ್ಟ ಸ್ನೇಹಿತನಿದ್ದ, ಅವನ ಹತ್ತಿರವೂ ಲೇಡೀಸ್ ಸೈಕಲ್ ಹಾಗೇ ಉಳಿದಿತ್ತು. ಮುನ್ನೂರ ಎಂಬತ್ತಕ್ಕೆ ಕೊಟ್ಟ. ಬಸ್ಸಿನ ಟಾಪಿಗೆ ಹಾಕಲು ಎಂಟು ರೂಪಾಯಿ. ಬಣ್ಣ ನನ್ನದಕ್ಕಿಂತ ಹಳೆಯದು, ಕ್ಯಾರಿಯರ್ ಅಷ್ಟೇ ಗಟ್ಟಿ. ತುಳಿಯಲು ಕಲಿಯುವುದಕ್ಕೆ ಹತ್ತು ದಿನ ಹಿಡಿಯಿತು, ಎರಡು ಮಂಡಿಯೂ ತರಚಿದವು. ಹನ್ನೊಂದನೇ ದಿನ ಬೆಳಗಿನ ಆರಕ್ಕೆ ಮೂರು ಕೆ.ಜಿ. ಕಾಕಡ ಕ್ಯಾರಿಯರಿಗೆ ಕಟ್ಟಿಕೊಂಡು ಬಂದಳು. ದಲ್ಲಾಳಿ ಬಂದು ನೋಡಿ ಮುಂದಿನ ಅಂಗಡಿಗೆ ಹೋದ.

ಇನ್ನೊಂದು ಆಟ ಆಡುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ಅವಳ ಇಪ್ಪತ್ತೈದರಲ್ಲಿ ಇನ್ನೂ ಒಂದು ರೂಪಾಯಿ ಉಳಿದಿತ್ತು. "ಯಾಕಣ್ಣ, ಇನ್ನೊಂದು ಸೈಕಲ್ ಇಟ್ಟಿದ್ದೀಯಾ?" ಎಂದು ನಕ್ಕಳು. ಆಡಲಿಲ್ಲ.

ಚಿಕ್ಕಸ್ವಾಮಿ ಮತ್ತು ಅವನ ನಾಲ್ವರು ಸ್ನೇಹಿತರು ನಾಗಮಂಗಲದ ಪೆಟ್ಟಿಗೆಗಳ ಕಡೆ ಹೋದರು. ನನಗೆ ದಿನಕ್ಕೆ ಹತ್ತು ನಾಣ್ಯ ಕಡಿಮೆಯಾಯಿತು, ನಾಲ್ಕು ತಿಂಗಳು ಅವರು ಬರಲಿಲ್ಲ. ಅವನ ಮನೆಯವರು ದಿನವೂ ಪುಟ್ಟಲಕ್ಷ್ಮಮ್ಮನಿಂದ ಎರಡು ಮಾರು ಹೂವು ತರಿಸುತ್ತಿದ್ದರು, ಅದನ್ನು ನಿಲ್ಲಿಸಿದರು. ಆ ವರ್ಷ ಅವನ ತಂಗಿಯ ಮದುವೆಗೆ ಹೂವು ಬೇರೆ ಕಡೆಯಿಂದ ಬಂತು. ಅವಳಿಗೆ ದಲ್ಲಾಳಿಯ ಹದಿನೆಂಟು ರೂಪಾಯಿ ಉಳಿಯಿತು, ಆ ಮನೆಯ ಆರು ರೂಪಾಯಿ ಹೋಯಿತು. ಮಿಕ್ಕದ್ದು ದಿನಕ್ಕೆ ಹನ್ನೆರಡು.